ಬೆಳಕಿಗೂ ಮಗ್ಗುಲುಂಟು

ಬೆಳಕಿಗೆ ಬಣ್ಣವುಂಟೆಂಬುದನ್ನು ಕಾಮನಬಿಲ್ಲು ಕಂಡ ಮಗುವೂ ಒಪ್ಪುತ್ತದೆ. ಬೆಳಕಿಗೆ ಬಿಸಿಯುಂಟೆಂಬುದನ್ನು, ವೈಶಾಖದ ನಡುಹಗಲಿನಲ್ಲಿ ಬರಿಗಾಲಿನಿಂದ ದೇವಸ್ಥಾನದ ಪ್ರಾಕಾರ ಸುತ್ತಿದವರು ಯಾರೂ ಅಲ್ಲಗಳೆಯಲಾರರು. ಆದರೆ ಬೆಳಕಿಗೆ ಮಗ್ಗುಲುಂಟು, ಅದು ನಿಂತೂ ಬರಬಲ್ಲದು, ಅಡ್ಡ ಮಲಗಿಯೂ ಬರಬಲ್ಲದು ಎಂದರೆ ಕೇಳಿದವರು ಹೇಳಿದವನ ಮುಖವನ್ನೊಮ್ಮೆ ನೋಡಿಯಾರು. ಅವರ ತಪ್ಪೇನೂ ಇಲ್ಲ. ನಿಂತ ಬೆಳಕಿಗೂ ಮಲಗಿದ ಬೆಳಕಿಗೂ ಇರುವ ಭೇದವನ್ನು ನಮ್ಮ ಕಣ್ಣು ಗುರುತಿಸುವುದಿಲ್ಲವೆಂದೇ ಹೇಳಬೇಕು. ಜೇನುಹುಳು ಗುರುತಿಸುತ್ತದೆ. ನೀಲಿ ಆಕಾಶದ ಒಂದು ತುಣುಕು ಕಂಡರೆ ಸಾಕು, ಮರೆಯಾಗಿರುವ ಸೂರ್ಯನು ಯಾವ ದಿಕ್ಕಿನಲ್ಲಿದ್ದಾನೆಂಬುದನ್ನು ಅದು ಬೆಳಕಿನ ಮಗ್ಗುಲಿನಿಂದಲೇ ತಿಳಿದುಕೊಳ್ಳುತ್ತದೆಂದು ಕಾರ್ಲ್ ಫಾನ್ ಫ್ರಿಷ್ ೧೯೪೯ರಲ್ಲಿ ತೋರಿಸಿಕೊಟ್ಟನು.

ಈ ವಿಷಯದಲ್ಲಿ ಜೇನುಹುಳುವಿನ ಸಮಕ್ಕೆ ಏರಬಯಸುವ ಮನುಷ್ಯನಿಗೆ ಉಪಕರಣದ ನೆರವು ಬೇಕು. ಛಾಯಾಚಿತ್ರಕಾರರು ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಹೊಗೆಬಣ್ಣದ ದುಂಡು ಗಾಜೊಂದುಂಟು. ಅದನ್ನು ಪೋಲರೈಸಿಂಗ್ ಫಿಲ್ಟರು ಎನ್ನುತ್ತಾರೆ. ಅದು ಒಂದು ಮಗ್ಗುಲಿನ ಬೆಳಕನ್ನು ಒಳಗೆ ಬಿಟ್ಟು ಇನ್ನೊಂದನ್ನು ಹೊರಗೇ ತಡೆಯುತ್ತದೆ. ಅದನ್ನು ಮೆಲ್ಲಗೆ ತಿರುಗಿಸಿದರೆ ಕೆರೆಯ ನೀರಿನ ಮೇಲಿನ ಝಳಪು ಅಳಿಸಿಹೋಗಿ ತಳದ ಕಲ್ಲುಗಳು ಕಾಣುತ್ತವೆ. ಮಾಸಲು ಆಕಾಶ ಕಡುನೀಲಿಯಾಗುತ್ತದೆ. ಛಾಯಾಚಿತ್ರಕಾರನ ಕೈಯಲ್ಲಿರುವ ಇನ್ನೊಂದು ಸಾಧನ ಲೈಟ್ ಮೀಟರು. ಎಷ್ಟು ಬೆಳಕಿದೆಯೆಂದು ಅಳೆದು ಹೇಳುವುದಷ್ಟೆ ಅದರ ಕೆಲಸ. ಮೊದಲನೆಯದು ಬಾಗಿಲು ಕಾಯುವ ಆಳು, ಎರಡನೆಯದು ಲೆಕ್ಕ ಬರೆಯುವ ಶಾನುಭೋಗ. ಇಬ್ಬರೂ ಒಂದೇ ಮನೆಯಲ್ಲಿ ಸೇರಿದಾಗ ಶಾನುಭೋಗನ ಲೆಕ್ಕ ಹೇಗೆ ತಪ್ಪಿತು, ಅದನ್ನು ತಿದ್ದಲು ಏನೇನು ಬೇಕಾಯಿತು ಎಂಬುದೇ ಈ ಲೇಖನದ ವಸ್ತು. ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ಕೇಳುವವರಿಗೆ ಉತ್ತರ ನಡುವೆ ಸಿಕ್ಕೀತು.

ಕತೆ ಪ್ರಾರಂಭವಾಗುವುದು ಐಸ್‌ಲೆಂಡಿನ ಒಂದು ಕಲ್ಲಿನಿಂದ. ಆ ದ್ವೀಪದ ಪೂರ್ವತೀರದಲ್ಲಿ ದೊರೆಯುತ್ತಿದ್ದ ಒಂದು ಬಗೆಯ ತಿಳಿಯಾದ ಸ್ಫಟಿಕವನ್ನು ಅಕ್ಷರದ ಮೇಲಿಟ್ಟು ನೋಡಿದರೆ ಅಕ್ಷರ ಎರಡಾಗಿ ಕಾಣುತ್ತದೆ. ಕೋಪನ್‌ಹೇಗನ್ನಿನ ರಾಸ್ಮುಸ್ ಬಾರ್ತೋಲಿನನು ೧೬೬೯ರಲ್ಲಿ ಇದನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದನು. ಸ್ಫಟಿಕವನ್ನು ತಿರುಗಿಸಿದರೆ ಎರಡು ಬಿಂಬಗಳಲ್ಲಿ ಒಂದು ಅಲುಗಾಡದೆ ನಿಲ್ಲುತ್ತದೆ, ಇನ್ನೊಂದು ಅದರ ಸುತ್ತ ಪ್ರದಕ್ಷಿಣೆ ಬರುತ್ತದೆ. ಬೆಳಕು ಅಲೆಯೆಂದು ವಾದಿಸಿದ ಹ್ಯೂಗೆನ್ಸನು ಇಂಥ ಎರಡು ಸ್ಫಟಿಕಗಳನ್ನು ಒಂದರ ಹಿಂದೊಂದಿಟ್ಟು ನೋಡಿದನು. ಬಿಂಬಗಳು ನಾಲ್ಕಾದವು; ತಿರುಗಿಸುತ್ತ ಹೋದಂತೆ ಅವುಗಳಲ್ಲಿ ಎರಡು ಮಾಯವಾದವು. ಒಂದು ಸ್ಫಟಿಕದಿಂದ ಹೊರಟ ಬೆಳಕು ಎರಡನೆಯದನ್ನು ಹೇಗೆ ಹಿಡಿದಿದ್ದೇವೆಂಬುದನ್ನು ಹೇಗೆ ತಿಳಿಯುತ್ತದೆ? ೧೬೯೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹ್ಯೂಗೆನ್ಸನು, ಇದಕ್ಕೆ ತೃಪ್ತಿಕರವಾದ ಕಾರಣ ತನಗೆ ದೊರೆತಿಲ್ಲವೆಂದು ಸರಳವಾಗಿ ಒಪ್ಪಿಕೊಂಡನು. ನ್ಯೂಟನ್ನನು 'ಆಪ್ಟಿಕ್ಸ್' ಗ್ರಂಥದ ಕೊನೆಯಲ್ಲಿ ಸೇರಿಸಿದ ಪ್ರಶ್ನೆಗಳಲ್ಲಿ, ಬೆಳಕಿನ ಕಿರಣಗಳಿಗೆ ಮಗ್ಗುಲುಗಳಿವೆಯೇ ಎಂದು ಕೇಳಿದನು. ಪ್ರಶ್ನೆಯ ರೂಪದಲ್ಲಿದ್ದರೂ ಅದು ಉತ್ತರವೇ.

ಅಲ್ಲಿಂದ ನೂರು ವರ್ಷ ಈ ಪ್ರಶ್ನೆಯನ್ನು ಯಾರೂ ಮುಂದಕ್ಕೆ ಕೊಂಡೊಯ್ಯಲಿಲ್ಲ. ಕೊಂಡೊಯ್ದವನು ಒಬ್ಬ ಸಿಪಾಯಿ. ಎತ್ಯೆನ್ ಲೂಯಿ ಮಾಲುಸ್ ಎಂಬ ಫ್ರೆಂಚ್ ಸೇನೆಯ ಎಂಜಿನಿಯರು ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಹೋಗಿ, ಜಾಫಾದಲ್ಲಿ ಪ್ಲೇಗಿಗೆ ಸಿಕ್ಕಿ, ಬದುಕಿ ಬಂದವನು. ೧೮೦೮ರ ಒಂದು ಸಂಜೆ ಪ್ಯಾರಿಸಿನ ತನ್ನ ಮನೆಯಲ್ಲಿ ನಿಂತು, ಎದುರಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಾಜಿನಲ್ಲಿ ಪ್ರತಿಫಲಿಸುತ್ತಿದ್ದ ಮುಳುಗುಬಿಸಿಲನ್ನು ಐಸ್‌ಲೆಂಡಿನ ಸ್ಫಟಿಕದ ಮೂಲಕ ನೋಡಿದನು. ಸಮನಾಗಿ ಬೆಳಗಬೇಕಾಗಿದ್ದ ಎರಡು ಸೂರ್ಯಬಿಂಬಗಳಲ್ಲಿ, ಸ್ಫಟಿಕವನ್ನು ತಿರುಗಿಸಿದಂತೆ, ಒಂದು ಕಂದತೊಡಗಿತು. ಆ ರಾತ್ರಿಯೇ ಆತನು ನೀರಿನ ಮೇಲೂ ಗಾಜಿನ ಮೇಲೂ ಮೋಂಬತ್ತಿಯ ಬೆಳಕು ಬೀಳಿಸಿ ಪರೀಕ್ಷಿಸಿದನೆಂದು ಗೆಳೆಯ ಅರಾಗೊ ಬರೆದಿದ್ದಾನೆ. ಅದುವರೆಗೆ ಸ್ಫಟಿಕದ ಸ್ವಭಾವವೆಂದು ತಿಳಿದಿದ್ದುದು ಈಗ ಬೆಳಕಿನ ಸ್ವಭಾವವಾಯಿತು. ಗಾಜಿಗೋ ನೀರಿಗೋ ಓರೆಯಾಗಿ ತಗುಲಿ ಚಿಮ್ಮಿದರೆ ಸಾಕು, ಬೆಳಕು ಒಂದು ಮಗ್ಗುಲಿಗೆ ಒರಗುತ್ತದೆ. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದ ಕಾಲ ಅದು. ಆದರೂ ಲಂಡನ್ನಿನ ರಾಯಲ್ ಸೊಸೈಟಿ ಈ ಶತ್ರುಸೇನೆಯ ಅಧಿಕಾರಿಗೆ ರಂಫರ್ಡ್ ಪದಕ ಕೊಟ್ಟಿತು. ೧೮೧೨ರಲ್ಲಿ, ಮೂವತ್ತಾರು ವರ್ಷಕ್ಕೇ, ಮಾಲುಸ್ ಕ್ಷಯದಿಂದ ತೀರಿಕೊಂಡನು. ಓದುಗರು ಅರಮನೆಯ ಆ ಕಿಟಕಿಗಾಜನ್ನು ನೆನಪಿನಲ್ಲಿಡಬೇಕು. ಅದು ಮುಂದೆ ಕ್ಯಾಮರಾದ ಹೊಟ್ಟೆಯೊಳಗೆ ಮತ್ತೆ ಕಾಣಿಸಿಕೊಳ್ಳಲಿದೆ.

ಇಲ್ಲಿ ಭಾಷೆಯವನಾಗಿ ಒಂದು ಮಾತು. ಮಾಲುಸ್ ಬೆಳಕನ್ನು ಕಣಗಳ ಸಮೂಹವೆಂದು ನಂಬಿದ್ದನು. ಅಯಸ್ಕಾಂತಕ್ಕೆ ಇರುವಂತೆ ಆ ಕಣಗಳಿಗೂ ಧ್ರುವಗಳಿದ್ದು ಅವು ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುತ್ತವೆಂದು ಊಹಿಸಿ 'ಪೋಲರೈಸೇಷನ್' ಎಂಬ ಹೆಸರಿಟ್ಟನು. ಹತ್ತೇ ವರ್ಷಗಳಲ್ಲಿ ಫ್ರೆನೆಲನು, ಬೆಳಕು ಮುಂದೆ ಸಾಗುವ ದಿಕ್ಕಿಗೆ ಅಡ್ಡಲಾಗಿ ತೊನೆಯುವ ಅಲೆಯೆಂದು ಸ್ಥಾಪಿಸಿದ ಮೇಲೆ ಧ್ರುವದ ಮಾತಿಗೆ ಅರ್ಥವೇ ಉಳಿಯಲಿಲ್ಲ. ಆದರೆ ಹೆಸರು ಉಳಿಯಿತು. ನಮ್ಮ ಪಠ್ಯಪುಸ್ತಕಗಳು ಅದನ್ನು 'ಧ್ರುವೀಕರಣ'ವೆಂದು ಅಕ್ಷರಶಃ ಕನ್ನಡಿಸಿಕೊಂಡವು. ಇಂದು ಆ ಪದ ಚುನಾವಣೆಯ ಸುದ್ದಿಗಳಲ್ಲಿ ಮತಗಳಿಗೆ ಅಂಟಿಕೊಂಡು ಓಡಾಡುತ್ತಿದೆ. ಅದನ್ನು ಈಗ ಕದಲಿಸುವುದು ಯಾರಿಂದಲೂ ಆಗದ ಕೆಲಸ. ಆದರೂ ಬೆಳಕಿನ ಮಟ್ಟಿಗೆ ನ್ಯೂಟನ್ನನ 'ಮಗ್ಗುಲು' ಎಂಬ ಮಾತೇ ಸತ್ಯಕ್ಕೆ ಹೆಚ್ಚು ಸಮೀಪವೆಂದು ನನ್ನ ಅಭಿಪ್ರಾಯ. ಕಿಟಕಿಯ ಸರಳುಗಳ ನಡುವಿನಿಂದ ಪುಸ್ತಕವೊಂದನ್ನು ಹೊರಗೆ ದಾಟಿಸುವುದನ್ನು ನೆನೆದುಕೊಳ್ಳಿ. ನೆಟ್ಟಗೆ ಹಿಡಿದರೆ ದಾಟುತ್ತದೆ, ಅಡ್ಡಲಾಗಿ ಹಿಡಿದರೆ ತಡೆಯುತ್ತದೆ. ಫಿಲ್ಟರು ಮಾಡುವುದೂ ಇದನ್ನೇ.

ಯಾವ ಓರೆಯಲ್ಲಿ ತಗುಲಿದರೆ ಪ್ರತಿಫಲನವೆಲ್ಲ ಒಂದೇ ಮಗ್ಗುಲಿಗೆ ಬರುತ್ತದೆಂಬ ನಿಯಮವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರನು ೧೮೧೫ರಲ್ಲಿ ಕೊಟ್ಟನು. ಮೇಲ್ಮೈಗೆ ಎಳೆದ ಲಂಬದಿಂದ ಅಳೆದರೆ ನೀರಿಗೆ ಸುಮಾರು ೫೩ ಡಿಗ್ರಿ, ಗಾಜಿಗೆ ಸುಮಾರು ೫೬ ಡಿಗ್ರಿ. ೧೮೨೮ರಲ್ಲಿ ಎಡಿನ್‌ಬರೋದ ವಿಲಿಯಂ ನಿಕೋಲನು ಐಸ್‌ಲೆಂಡಿನ ಸ್ಫಟಿಕವನ್ನು ಓರೆಯಾಗಿ ಸೀಳಿ, ಮತ್ತೆ ಅಂಟಿಸಿ, ಒಂದೇ ಮಗ್ಗುಲಿನ ಬೆಳಕನ್ನು ಹಾಯಿಸುವ ಪ್ರಿಸಮ್ಮನ್ನು ಮಾಡಿದನು. ಅದು ನಿಖರವಾದದ್ದು, ಆದರೆ ಚಿಕ್ಕದು ಮತ್ತು ದುಬಾರಿ. ಪ್ರಯೋಗಶಾಲೆಗೆ ಸಾಲುತ್ತಿತ್ತು, ಕ್ಯಾಮರಾದ ಲೆನ್ಸನ್ನು ಮುಚ್ಚುವಷ್ಟು ಅಗಲವಾದದ್ದು ಎಲ್ಲಿ ಸಿಗಬೇಕು?

ನಿಕೋಲ್ ಪ್ರಿಸಮ್ಮಿನ ಮಾತು ಬಂದಾಗ ೧೯೨೧ರ ಒಂದು ಹಡಗು ನೆನಪಾಗದೆ ಇರದು. ಚಂದ್ರಶೇಖರ ವೆಂಕಟರಾಮನ್ ಅವರು ಇಂಗ್ಲೆಂಡಿನಿಂದ 'ನರ್ಕುಂಡಾ' ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದರು. ಕಡಲು ನೀಲಿಯೇಕೆಂಬುದಕ್ಕೆ ಲಾರ್ಡ್ ರೇಲಿಯ ಸಮಾಧಾನ ಆಗ ಪ್ರಸಿದ್ಧವಾಗಿತ್ತು: ಅದು ನೀರಿನ ಬಣ್ಣವಲ್ಲ, ನೀರಿನಲ್ಲಿ ಪ್ರತಿಫಲಿಸಿದ ಆಕಾಶದ ಬಣ್ಣ. ರಾಮನ್ ಅವರು ಮಾಡಿದ ಪರೀಕ್ಷೆ ಎಷ್ಟು ಸರಳವಾದದ್ದೆಂದರೆ, ಇಂದು ಫಿಲ್ಟರು ಕೊಂಡ ಹವ್ಯಾಸಿ ಛಾಯಾಚಿತ್ರಕಾರನು ಮೊದಲ ದಿನವೇ ಅದನ್ನು ಅರಿಯದೆ ಮಾಡುತ್ತಾನೆ. ಅವರು ಬ್ರೂಸ್ಟರನ ಕೋನದಲ್ಲಿ ಕಡಲನ್ನು ನಿಕೋಲ್ ಪ್ರಿಸಮ್ಮಿನ ಮೂಲಕ ನೋಡಿ, ಮೇಲ್ಮೈಯ ಪ್ರತಿಫಲನವನ್ನು ಆರಿಸಿಬಿಟ್ಟರು. ರೇಲಿಯ ಮಾತು ನಿಜವಾಗಿದ್ದರೆ ಪ್ರತಿಫಲನ ಹೋದೊಡನೆ ನೀಲಿಯೂ ಹೋಗಬೇಕಾಗಿತ್ತು. ಆದದ್ದು ಬೇರೆ. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಹಡಗು ಮುಂಬಯಿ ಬಂದರಿನಲ್ಲಿರುವಾಗಲೇ, ಸೆಪ್ಟೆಂಬರ್ ೨೬ರಂದು, ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ವಾದಿಸುವ ಪತ್ರವನ್ನು ಅವರು 'ನೇಚರ್' ಪತ್ರಿಕೆಗೆ ಬರೆದರು. ನೀರು ಕೆಂಪನ್ನು ಹೀರಿಕೊಳ್ಳುವುದೂ ಕಡಲ ನೀಲಿಗೆ ದೊಡ್ಡ ಕಾರಣವೆಂದು ಈಗ ತಿಳಿದಿದೆ. ಆದರೆ ಪ್ರತಿಫಲಿಸಿದ ಆಕಾಶವೇ ಕಾರಣವೆಂಬ ಮಾತು ಆ ಪ್ರಿಸಮ್ಮಿನ ಮುಂದೆ ನಿಲ್ಲಲಿಲ್ಲ. ಏಳು ವರ್ಷಗಳ ಮೇಲೆ, ೧೯೨೮ರಲ್ಲಿ, ಅವರ ಹೆಸರು ಹೊತ್ತ ಪರಿಣಾಮ ಪತ್ತೆಯಾದಾಗಲೂ, ಚದರಿ ಬಂದ ಹೊಸ ಬೆಳಕು ಬಲವಾಗಿ ಒಂದು ಮಗ್ಗುಲಿಗೆ ಒರಗಿದೆಯೆಂಬುದು ಮುಖ್ಯ ಸುಳಿವುಗಳಲ್ಲೊಂದಾಗಿತ್ತು. ರಾಮನ್ ಅವರು ಬೆಂಗಳೂರಿಗೆ ಬಂದದ್ದು ೧೯೩೩ರಲ್ಲಿ. ಆ ಭಾಗ ಮುಂದೆ ಬರುತ್ತದೆ.

ಅಗಲವಾದ ಫಿಲ್ಟರಿನ ಹುಟ್ಟು ವಿನೋದಕರವಾದದ್ದು. ಬ್ರಿಸ್ಟಲ್ ನಗರದ ವೈದ್ಯ ವಿಲಿಯಂ ಬರ್ಡ್ ಹೆರಪಾತನ ಶಿಷ್ಯನೊಬ್ಬನು, ಕ್ವಿನೀನು ತಿನ್ನಿಸಿದ ನಾಯಿಯ ಮೂತ್ರಕ್ಕೆ ಅಯೋಡಿನ್ನಿನ ಹನಿ ಹಾಕಿದಾಗ ಹೊಳೆಯುವ ಹಸಿರು ಹರಳುಗಳು ಮೂಡಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡು ಹರಳುಗಳು ಒಂದರ ಮೇಲೊಂದು ಅಡ್ಡಲಾಗಿ ಬಿದ್ದ ಕಡೆ ಕಗ್ಗತ್ತಲು. ಹೆರಪಾತನು ೧೮೫೨ರಲ್ಲಿ ಇದನ್ನು ಪ್ರಕಟಿಸಿದನು. ಮಲೆನಾಡಿನ ಹಿರಿಯರಿಗೆ ಕ್ವಿನೀನಿನ ಕಹಿ ಚೆನ್ನಾಗಿ ಗೊತ್ತು. ಅದರೊಳಗೆ ಇಂಥ ಗುಣವಿದೆಯೆಂದು ಅದನ್ನು ನುಂಗಿದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ! ಆದರೆ ಹರಳುಗಳು ತೀರ ಚಿಕ್ಕವು, ಮುಟ್ಟಿದರೆ ಒಡೆಯುವಂಥವು. ಬಹುಬಣ್ಣದರ್ಶಕವನ್ನು ಕಂಡುಹಿಡಿದವನೂ ಆಗಿದ್ದ ಬ್ರೂಸ್ಟರನು ಅದನ್ನು ಕುರಿತ ತನ್ನ ಪುಸ್ತಕದ ೧೮೫೮ರ ಆವೃತ್ತಿಯಲ್ಲಿ ಈ ಹರಳುಗಳನ್ನು ಪ್ರಸ್ತಾಪಿಸಿದನು. ಸುಮಾರು ಎಪ್ಪತ್ತು ವರ್ಷಗಳ ಮೇಲೆ ಆ ಪುಸ್ತಕ ಓದಿದವನು ಎಡ್ವಿನ್ ಲ್ಯಾಂಡ್, ಹಾರ್ವರ್ಡಿನ ಓದನ್ನು ನಡುವೆಯೇ ಬಿಟ್ಟು ನ್ಯೂಯಾರ್ಕಿನಲ್ಲಿದ್ದ ತರುಣ. ಒಂದು ದೊಡ್ಡ ಹರಳನ್ನು ಬೆಳೆಸಲು ಎಲ್ಲರೂ ಹೆಣಗಿದ್ದರು. ಲ್ಯಾಂಡನು ಲಕ್ಷಗಟ್ಟಲೆ ಅತಿ ಸಣ್ಣ ಹರಳುಗಳನ್ನು ಅರಗಿನಂಥ ದ್ರವದಲ್ಲಿ ಕದಡಿ, ಅವೆಲ್ಲ ಒಂದೇ ದಿಕ್ಕಿಗೆ ತಿರುಗಿ ನಿಲ್ಲುವಂತೆ ಮಾಡಿ, ಹಾಳೆಯಾಗಿ ಹರಡಿದನು. ೧೯೨೯ರಲ್ಲಿ ಅದಕ್ಕೆ ಪೇಟೆಂಟು ಕೋರಿದಾಗ ಆತನಿಗೆ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ೧೯೩೮ರಲ್ಲಿ ಹರಳುಗಳನ್ನೂ ಬಿಟ್ಟು, ಎಳೆದು ಹಿಗ್ಗಿಸಿದ ಪ್ಲಾಸ್ಟಿಕ್ ಹಾಳೆಗೆ ಅಯೋಡಿನ್ ಊಡಿ ಇನ್ನೂ ಉತ್ತಮವಾದುದನ್ನು ಮಾಡಿದನು. ಎದುರಿನಿಂದ ಬರುವ ಮೋಟಾರುಗಳ ದೀಪ ಕಣ್ಣು ಕುಕ್ಕದಂತೆ ಮಾಡಬೇಕೆಂಬುದು ಆತನ ದೊಡ್ಡ ಹಂಬಲವಾಗಿತ್ತು. ಮೋಟಾರು ಕಂಪನಿಗಳು ಅದಕ್ಕೆ ಒಪ್ಪಲಿಲ್ಲ. ಮೊದಲು ಗಿರಾಕಿಯಾಗಿ ಬಂದದ್ದು ಛಾಯಾಗ್ರಹಣದ ಈಸ್ಟ್‌ಮನ್ ಕೊಡಕ್ ಕಂಪನಿ. ೧೯೩೫ರ ಹೊತ್ತಿಗೆ 'ಪೋಲಾ ಸ್ಕ್ರೀನ್' ಎಂಬ ಹೆಸರಿನಲ್ಲಿ ಫಿಲ್ಟರು ಅಂಗಡಿಗೆ ಬಂದಿತ್ತು.

ಮೀಟರೂ ಆ ಹೊತ್ತಿಗೇ ಬಂದಿತ್ತು. ಅದಕ್ಕೆ ಮೊದಲು ಛಾಯಾಚಿತ್ರಕಾರರು ಕೋಷ್ಟಕಗಳನ್ನೂ ಅನುಭವವನ್ನೂ ನೆಚ್ಚಿದ್ದರು. ೧೯೩೨ರಲ್ಲಿ ವೆಸ್ಟನ್ ಕಂಪನಿಯು ಸೆಲೀನಿಯಮ್ಮಿನ ಬಿಲ್ಲೆಯುಳ್ಳ ವಿದ್ಯುತ್ ಮೀಟರನ್ನು ಮಾರಾಟಕ್ಕೆ ತಂದಿತು. ಬೆಳಕು ಬಿದ್ದರೆ ಬಿಲ್ಲೆಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಮುಳ್ಳು ಅಲುಗುತ್ತದೆ. ಬ್ಯಾಟರಿಯ ಹಂಗಿಲ್ಲ. ಬೆಳಕು ಯಾವ ಮಗ್ಗುಲಿಗಿದೆಯೆಂಬ ಚಿಂತೆಯೂ ಆ ಬಿಲ್ಲೆಗೆ ಇರಲಿಲ್ಲವೆನ್ನಬಹುದು.

ಮೀಟರು ಕೈಯಲ್ಲಿ, ಫಿಲ್ಟರು ಲೆನ್ಸಿನ ಮೇಲೆ. ಆಗ ಲೆಕ್ಕ ಹೇಗೆ? ಎಲ್ಲ ಮಗ್ಗುಲುಗಳೂ ಬೆರೆತ ಸಾಮಾನ್ಯ ಬೆಳಕಿನಲ್ಲಿ ಅರ್ಧವನ್ನು ತಡೆಯುವುದು ಫಿಲ್ಟರಿನ ಧರ್ಮವೇ ಆಗಿದೆ. ಗಾಜಿನ ಮಾಸಲು ಬಣ್ಣ ಇನ್ನಷ್ಟು ನುಂಗುತ್ತದೆ. ಆದ್ದರಿಂದ ಮೀಟರು ಹೇಳಿದ್ದಕ್ಕಿಂತ ಎರಡೂವರೆಯಿಂದ ನಾಲ್ಕು ಪಟ್ಟು ಬೆಳಕು ಕೊಡಬೇಕು. ಅಂದರೆ ಲೆನ್ಸಿನ ಕಿಂಡಿಯನ್ನು ಒಂದೂಕಾಲರಿಂದ ಎರಡು ಸ್ಟಾಪಿನವರೆಗೆ ಅಗಲಿಸಬೇಕು. ಈ ಗುಣಕವನ್ನು ಫಿಲ್ಟರು ಮಾಡಿದವರೇ ತಿಳಿಸುತ್ತಾರೆ. ಇದೊಂದು ಪಂಥ. ಇನ್ನೊಂದು ಪಂಥದವರು ಫಿಲ್ಟರನ್ನು ಮೀಟರಿನ ಮುಂದೆ ಹಿಡಿದು, ಅಂಚಿನ ಗುರುತು ನೋಡಿ ಅದೇ ಕೋನಕ್ಕೆ ತಿರುಗಿಸಿ, ಅದರ ಮೂಲಕವೇ ಅಳೆಯುವವರು. ಕೇಳುವುದಕ್ಕೆ ಎರಡನೆಯದೇ ಯುಕ್ತವೆನಿಸುತ್ತದೆ. ಆದರೆ ಅದರಲ್ಲೊಂದು ತೊಡಕಿದೆ. ಮೀಟರಿನ ಪಾಲಿಗೆ ಲೋಕವೆಲ್ಲ ನಡುಬೂದಿಬಣ್ಣ. ಕಂಡದ್ದನ್ನೆಲ್ಲ ಆ ಮಟ್ಟಕ್ಕೆ ತರುವುದೇ ಅದರ ಗುರಿ. ಛಾಯಾಚಿತ್ರಕಾರನು ಬೇಕೆಂದೇ ಫಿಲ್ಟರು ತಿರುಗಿಸಿ ಆಕಾಶವನ್ನು ಕಪ್ಪಾಗಿಸಿದ್ದಾನೆ. ಮೀಟರು ಅದನ್ನು ಕಂಡು 'ಇಲ್ಲಿ ಬೆಳಕು ಕಡಮೆಯಾಯಿತು, ಇನ್ನಷ್ಟು ಕೊಡು' ಎನ್ನುತ್ತದೆ. ಅದರ ಮಾತು ಕೇಳಿದರೆ ಫಿಲ್ಟರು ತೆಗೆದುದರಲ್ಲಿ ಒಂದು ಪಾಲನ್ನು ಮೀಟರು ಹಿಂದಕ್ಕೆ ಕೊಟ್ಟಂತಾಯಿತು. ಮೇಲಾಗಿ ನೆಲವೂ ಮರವೂ ಬಿಳಚಿಕೊಳ್ಳುತ್ತವೆ. ನಾನು ಮೊದಲನೆಯ ಪಂಥಕ್ಕೆ ಸೇರಿದವನು.

ಅದಕ್ಕೆ ಕಾರಣ ಓಲೆಗರಿಗಳು. ಹಳೆಯ ಕಾವ್ಯಗಳ ಪಾಠ ನೋಡುವವರು ಓಲೆಗಳ ಬಳಿಗೆ ಹೋಗಲೇಬೇಕು. ಓಲೆಗಳನ್ನು ಅವುಗಳಿರುವ ಭಂಡಾರದಿಂದ ಹೊರಗೆ ತರುವಂತಿಲ್ಲವಾದುದರಿಂದ ಚಿತ್ರ ತೆಗೆಯಲೇಬೇಕು. ಕಂಠದಿಂದ ಕೊರೆದ ಅಕ್ಷರಕ್ಕೆ ಮಸಿ ತುಂಬಿರುತ್ತದೆ. ಓಲೆ ಒಣಗದಂತೆ ಎಣ್ಣೆ ಸವರಿರುತ್ತದೆ. ದೀಪ ಹಚ್ಚಿದೊಡನೆ ಎಣ್ಣೆಯ ಹೊಳಪು ಎದ್ದು ಅಕ್ಷರದ ಮಸಿಯನ್ನು ಮುಚ್ಚುತ್ತದೆ. 'ವ'ಕಾರವೋ 'ಪ'ಕಾರವೋ, ಅನುಸ್ವಾರವೋ ಹುಳು ತಿಂದ ತೂತೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಓಲೆಯನ್ನು ನೇರ ಮೇಲಿನಿಂದ ತೆಗೆಯುವಾಗ ಲೆನ್ಸಿಗೆ ಫಿಲ್ಟರು ಹಾಕಿದ ಮಾತ್ರಕ್ಕೆ ಹೊಳಪು ಹೋಗುವುದಿಲ್ಲ, ಏಕೆಂದರೆ ಆ ಓರೆಯಲ್ಲಿ ಪ್ರತಿಫಲನವು ಒಂದು ಮಗ್ಗುಲಿಗೆ ಅಷ್ಟಾಗಿ ಒರಗಿರುವುದಿಲ್ಲ. ಉಪಾಯವೆಂದರೆ ದೀಪಗಳ ಮುಂದೆಯೂ ಅದೇ ಜಾತಿಯ ಹಾಳೆ ಕಟ್ಟಿ, ಲೆನ್ಸಿನ ಫಿಲ್ಟರನ್ನು ಅದಕ್ಕೆ ಅಡ್ಡವಾಗಿ ತಿರುಗಿಸುವುದು. ಎಣ್ಣೆಯ ಮೇಲಿನಿಂದ ಚಿಮ್ಮಿದ ಬೆಳಕು ಹೋದ ಮಗ್ಗುಲಿನಲ್ಲೇ ಹಿಂದಿರುಗುತ್ತದೆ, ಲೆನ್ಸಿನ ಬಾಗಿಲಲ್ಲಿ ತಡೆಯಲ್ಪಡುತ್ತದೆ. ಓಲೆಯ ಮೈಯೊಳಗೆ ಹೊಕ್ಕು ಬಂದ ಬೆಳಕಾದರೋ ಅಲ್ಲಿ ಅಲೆದಾಡಿ ಮಗ್ಗುಲಿನ ನೆನಪನ್ನೇ ಕಳೆದುಕೊಂಡಿರುತ್ತದೆ. ಅದರ ಅರ್ಧಪಾಲು ಒಳಗೆ ಬರುತ್ತದೆ. ಹೊಳಪು ಮಾಯ, ಅಕ್ಷರ ಸ್ಪಷ್ಟ. ದೀಪದ ಹಾಳೆ ಅರ್ಧವನ್ನು ನುಂಗಿತು, ಲೆನ್ಸಿನದು ಇನ್ನರ್ಧವನ್ನು. ಎಷ್ಟು ಒಳ್ಳೆಯ ಹಾಳೆಯಾದರೂ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಬೆಳಕು ಸಿಗದು. ಮೀಟರಿನ ಮುಳ್ಳು ಇದಕ್ಕಿಂತಲೂ ಕೆಳಗಿಳಿಯುತ್ತದೆ, ಏಕೆಂದರೆ ಹೊಳಪು ಹೋದುದನ್ನೂ ಅದು ನಷ್ಟವೆಂದೇ ಬರೆದುಕೊಳ್ಳುತ್ತದೆ. ಓಲೆಯ ಬದಲು ಹೊಳಪಿಲ್ಲದ ಬೂದಿಬಣ್ಣದ ರಟ್ಟನ್ನು ಅದೇ ಜಾಗದಲ್ಲಿಟ್ಟು ಅಳೆದರೆ ಲೆಕ್ಕ ಸರಿಬರುತ್ತದೆ.

ಇಷ್ಟರವರೆಗೆ ಮೀಟರಿನದು ಅವಿವೇಕವೇ ಹೊರತು ಸುಳ್ಳಲ್ಲ. ಅದು ಸುಳ್ಳು ಹೇಳಲು ಕಲಿತದ್ದು ಕ್ಯಾಮರಾದ ಒಳಗೆ ಸೇರಿದ ಮೇಲೆ. ಲೆನ್ಸಿನ ಮೂಲಕವೇ ಬೆಳಕನ್ನು ಅಳೆಯುವ ಕ್ಯಾಮರಾಗಳು ಜಪಾನಿನಿಂದ ಬಂದವು. ೧೯೬೩ರಲ್ಲಿ ಟಾಪ್ಕಾನ್, ೧೯೬೪ರಲ್ಲಿ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್. ಫಿಲ್ಟರಿನ ಗುಣಕ ನೆನಪಿಡುವ ಕಷ್ಟ ತಪ್ಪಿತೆಂದು ಎಲ್ಲರೂ ಸಂತೋಷಪಟ್ಟರು. ಟಾಪ್ಕಾನ್ ಕನ್ನಡಿಯಲ್ಲಿ ಸಣ್ಣ ಸೀಳುಗಳನ್ನು ಕೊರೆದು ಅದರ ಹಿಂದೆ ಅಳೆಯುತ್ತಿತ್ತು; ಪೆಂಟಾಕ್ಸ್ ನೋಟದ ಗಾಜಿನ ಮೇಲೆ ಮೂಡಿದ ಬಿಂಬವನ್ನು ಅಳೆಯುತ್ತಿತ್ತು. ಬಳಿಕ ಬಂದವರು ಹೆಚ್ಚು ಜಾಣತನ ತೋರಿದರು. ೧೯೬೮ರ ಲೈಕಾಫ್ಲೆಕ್ಸ್ ಎಸ್.ಎಲ್. ಕ್ಯಾಮರಾದಲ್ಲಿ ಕನ್ನಡಿಯ ಒಂದು ಭಾಗ ಅರೆಪಾರದರ್ಶಕ. ಸ್ವಲ್ಪ ಬೆಳಕು ಅದನ್ನು ದಾಟಿ ಹಿಂದಿನ ಮೀಟರಿಗೆ ಹೋಗುತ್ತದೆ. ೧೯೭೧ರ ಕ್ಯಾನನ್ ಎಫ್-೧ರಲ್ಲಿ ನೋಟದ ಗಾಜಿನೊಳಗೇ ಓರೆಯಾದ ಅರೆಗನ್ನಡಿ ಕೂಡಿಸಿ ಬೆಳಕನ್ನು ಪಕ್ಕದ ಮೀಟರಿಗೆ ತಿರುಗಿಸಿದರು.

ಓರೆಯಾದ ಅರೆಗನ್ನಡಿ! ಇದು ಮಾಲುಸನ ಕಿಟಕಿಯಲ್ಲದೆ ಮತ್ತೇನು? ಓರೆಯಾಗಿ ಬಿದ್ದ ಬೆಳಕಿನಲ್ಲಿ ಒಂದು ಮಗ್ಗುಲಿನದನ್ನು ಹೆಚ್ಚಾಗಿ ಪ್ರತಿಫಲಿಸುವುದು, ಇನ್ನೊಂದನ್ನು ಹೆಚ್ಚಾಗಿ ದಾಟಿಸುವುದು ಅದರ ಹುಟ್ಟುಗುಣ. ಸಾಮಾನ್ಯ ಬೆಳಕಿನಲ್ಲಿ ಎರಡೂ ಸಮನಾಗಿರುವುದರಿಂದ ಮೀಟರಿಗೆ ಸಲ್ಲುವ ಪಾಲು ಬದಲಾಗುವುದಿಲ್ಲ, ತಯಾರಿಸಿದವರು ಆ ಪಾಲಿಗೆ ತಕ್ಕಂತೆ ಅದನ್ನು ಹೊಂದಿಸಿರುತ್ತಾರೆ. ಆದರೆ ಮುಂದೆ ಪೋಲರೈಸಿಂಗ್ ಫಿಲ್ಟರು ಇದ್ದರೆ ಒಳಗೆ ಬರುವ ಬೆಳಕೆಲ್ಲ ಒಂದೇ ಮಗ್ಗುಲಿನದು. ಛಾಯಾಚಿತ್ರಕಾರನು ಫಿಲ್ಟರನ್ನು ಒಂದು ಕಡೆಗೆ ತಿರುಗಿಸಿದರೆ ಅರೆಗನ್ನಡಿ ಮೀಟರಿಗೆ ಧಾರಾಳವಾಗಿ ಕೊಡುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಜಿಪುಣತನ ಮಾಡುತ್ತದೆ. ಫಿಲ್ಮಿನ ಮೇಲೆ ಬೀಳುವ ಬೆಳಕಿಗೂ ಇದಕ್ಕೂ ಸಂಬಂಧವಿಲ್ಲ. ಚಿತ್ರ ತೆಗೆಯುವ ಕ್ಷಣಕ್ಕೆ ಕನ್ನಡಿ ಮೇಲೆದ್ದು ದಾರಿ ಬಿಟ್ಟಿರುತ್ತದೆ. ಸುಣ್ಣದ ಗೋಡೆಯಂತೆ ಹೊಳಪೇ ಇಲ್ಲದ ವಸ್ತುವಿನೆದುರು ಫಿಲ್ಟರು ತಿರುಗಿಸಿದಾಗಲೂ ಮುಳ್ಳು ಏರಿಳಿಯುತ್ತದೆ. ಗೋಡೆ ಮಾತ್ರ ಇದ್ದಂತೆಯೇ ಇರುತ್ತದೆ. ೧೯೮೫ರಲ್ಲಿ ಮಿನೋಲ್ಟಾ ೭೦೦೦ ಕ್ಯಾಮರಾ ಬಂದು, ತಾನಾಗಿಯೇ ಫೋಕಸ್ ಮಾಡುವ ಪದ್ಧತಿ ಹಬ್ಬಿದ ಮೇಲೆ ಅರೆಗನ್ನಡಿಯಿಲ್ಲದ ಕ್ಯಾಮರಾಗಳೇ ಅಪರೂಪವಾದವು.

ಪರಿಹಾರ ಫ್ರೆನೆಲನ ಕಾಲದಿಂದಲೂ ಇತ್ತು. ಬೆಳಕು ನಿಲ್ಲುವುದೂ ಮಲಗುವುದೂ ಅಲ್ಲದೆ, ತಿರುಪಿನ ಹಾಗೆ ಸುತ್ತುತ್ತ ಸಾಗಬಹುದೆಂದು ಆತನು ೧೮೨೨ರಲ್ಲಿ ತೋರಿಸಿದ್ದನು. ಫಿಲ್ಟರಿನ ಬೆನ್ನಿಗೆ ತಕ್ಕಷ್ಟು ದಪ್ಪದ ಇನ್ನೊಂದು ಫಲಕವನ್ನು ೪೫ ಡಿಗ್ರಿ ಓರೆಯಾಗಿ ಅಂಟಿಸಿದರೆ ಒಂದು ಮಗ್ಗುಲಿಗೆ ಒರಗಿದ ಬೆಳಕು ಹೀಗೆ ಸುತ್ತುವ ಬೆಳಕಾಗುತ್ತದೆ. ಇದಕ್ಕೆ ಕಾಲು ಅಲೆಯ ಫಲಕವೆಂದು ಹೆಸರು. ಮುಂಭಾಗವು ಝಳಪನ್ನು ಆರಿಸುವ ಕೆಲಸ ಮುಗಿಸಿದ ಮೇಲೆ ಹಿಂಭಾಗವು ಮಗ್ಗುಲಿನ ಗುರುತನ್ನೇ ಅಳಿಸಿ ಒಳಗೆ ಕಳುಹಿಸುತ್ತದೆ. ಅರೆಗನ್ನಡಿಗೆ ಪಕ್ಷಪಾತ ಮಾಡಲು ಆಧಾರ ಉಳಿಯುವುದಿಲ್ಲ. ಅಂಗಡಿಯಲ್ಲಿ ಸಿ.ಪಿ.ಎಲ್. ಎಂದು ಕರೆಯುವ ವೃತ್ತಾಕಾರದ ಪೋಲರೈಸರು ಇದೇ. ಆ ಹೆಸರಿಗೆ ಫಿಲ್ಟರು ದುಂ��ಗಿರುವುದು ಕಾರಣವಲ್ಲ, ಬೆಳಕು ಸುತ್ತುವುದು ಕಾರಣ.

ಆದರೆ ಈ ಫಲಕ ಪೂರ್ತಿ ಸರಿಯಾಗಿ ನಡೆಯುವುದು ಒಂದೇ ಬಣ್ಣಕ್ಕೆ. ಹಸಿರಿಗೆ ಕಾಲು ಅಲೆಯಾದದ್ದು ಕೆಂಪಿಗೆ ಕಡಮೆ, ನೀಲಿಗೆ ಹೆಚ್ಚು. ಎಲ್ಲ ಬಣ್ಣಗಳಿಗೂ ಒಪ್ಪುವಂತೆ ಮಾಡುವ ಬಗೆಯನ್ನು ಹೇಳಿದ ಪ್ರಬಂಧವೊಂದು ೧೯೫೫ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಪ್ರಕಟವಾಯಿತು. ಬರೆದವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಎಸ್. ಪಂಚರತ್ನಂ, ರಾಮನ್ ಅವರ ಸೋದರಿಯ ಮಗ. ವಯಸ್ಸು ಇಪ್ಪತ್ತೊಂದು. ಒಂದೇ ವಸ್ತುವಿನ ಹಲವು ಫಲಕಗಳನ್ನು ಲೆಕ್ಕಹಾಕಿದ ಕೋನಗಳಲ್ಲಿ ಒಂದರ ಹಿಂದೊಂದು ಜೋಡಿಸಿದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆಂದು ಅವರು ತೋರಿಸಿದರು. ಆ ಪ್ರಬಂಧದ ಮೊದಲ ಭಾಗದ ವಿಷಯವೇ ಸುಧಾರಿಸಿದ ವೃತ್ತೀಯ ಪೋಲರೈಸರು. ಕ್ಯಾಮರಾದ ಮೀಟರಿಗೆ ಅಷ್ಟು ನಿಖರತೆ ಬೇಡ; ಅಲ್ಲಿ ಒಂಟಿ ಫಲಕವೇ ಸಾಕು. ನಕ್ಷತ್ರದ ಬೆಳಕಿನ ಮಗ್ಗುಲನ್ನು ಅಳೆಯುವ ದೂರದರ್ಶಕಗಳಿಗೆ ಅದು ಸಾಲದು. ಅಲ್ಲಿ ಪಂಚರತ್ನಂ ಅವರ ಹೆಸರಿನ ಫಲಕಗಳೇ ಬೇಕು.

ಮರುವರ್ಷ, ೧೯೫೬ರಲ್ಲಿ, ಅವರು ಇನ್ನೂ ಆಳವಾದ ಮಾತೊಂದನ್ನು ಬರೆದರು. ಬೆಳಕನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ತಿರುಗಿಸಿ ಕೊನೆಗೆ ಮೊದಲಿನ ಸ್ಥಿತಿಗೇ ತಂದರೂ ಅಲೆಯ ಹೆಜ್ಜೆಯಲ್ಲಿ ಒಂದು ವ್ಯತ್ಯಾಸ ಉಳಿದುಬಿಡುತ್ತದೆ. ಅದು ಬೆಳಕು ಸುತ್ತಿದ ದಾರಿಯ ಆಕಾರಕ್ಕೆ ಮಾತ್ರ ಸಂಬಂಧಿಸಿದ್ದು. ಇದನ್ನು ಆಗ ಬಹಳ ಮಂದಿ ಗಮನಿಸಲಿಲ್ಲ. ಪಂಚರತ್ನಂ ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ರೀಡರಾಗಿ ಬಂದರು, ೧೯೬೪ರಲ್ಲಿ ಆಕ್ಸ್‌ಫರ್ಡಿಗೆ ಹೋದರು, ೧೯೬೯ರಲ್ಲಿ ಅಲ್ಲಿಯೇ ತೀರಿಕೊಂಡರು. ಮೂವತ್ತೈದು ವರ್ಷ; ಮಾಲುಸನಿಗಿಂತ ಒಂದು ವರ್ಷ ಕಡಮೆ. ೧೯೮೪ರಲ್ಲಿ ಬ್ರಿಸ್ಟಲಿನ ಮೈಕೇಲ್ ಬೆರಿಯು ಕ್ವಾಂಟಂ ಶಾಸ್ತ್ರದಲ್ಲಿ ಇಂಥದೇ ಒಂದು ವ್ಯತ್ಯಾಸವನ್ನು ಕಂಡು ಲೋಕಪ್ರಸಿದ್ಧನಾದನು. ಪಂಚರತ್ನಂ ಅವರ ಅಣ್ಣ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು ೧೯೮೬ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಇದು ಬೆಂಗಳೂರಿನಲ್ಲಿ ಮೂವತ್ತು ವರ್ಷಗಳ ಹಿಂದೆಯೇ ಬರೆದಿಟ್ಟ ಮಾತೆಂದು ನೆನಪಿಸಿದರು. ಮರುವರ್ಷ ಬೆರಿಯೇ ಲೇಖನವೊಂದನ್ನು ಬರೆದು ಪಂಚರತ್ನಂ ಅವರ ಕೆಲಸವನ್ನು ವಿವರಿಸಿದನು. ಇಂದಿನ ಗ್ರಂಥಗಳಲ್ಲಿ ಇಬ್ಬರ ಹೆಸರೂ ಜೊತೆಯಾಗಿ ಬರುತ್ತವೆ. ಸತ್ತವರಿಗೆ ಸಂದ ಗೌರವವನ್ನು ತಡವೆಂದು ಹಳಿಯಬೇಕೋ, ಸಂದಿತಲ್ಲ ಎಂದು ಸಮಾಧಾನಪಡಬೇಕೋ ನಾನರಿಯೆ. ಬೆರಿಯ ನಡತೆ ಮಾತ್ರ ಮೆಚ್ಚತಕ್ಕದ್ದು.

ಕ್ಯಾಮರಾದೊಳಗಿನ ಜಗಳ ಈಗ ತಾನಾಗಿಯೇ ತಣ್ಣಗಾಗುತ್ತಿದೆ. ೨೦೦೮ರಿಂದೀಚೆಗೆ ಬಂದಿರುವ ಕನ್ನಡಿಯಿಲ್ಲದ ಕ್ಯಾಮರಾಗಳಲ್ಲಿ ಚಿತ್ರ ಹಿಡಿಯುವ ಫಲಕವೇ ಮೀಟರೂ ಆಗಿದೆ. ನಡುವೆ ಅರೆಗನ್ನಡಿಯಿಲ್ಲ, ಹಳೆಯ ಸಾದಾ ಫಿಲ್ಟರೂ ಅಲ್ಲಿ ಸರಿಯಾಗಿಯೇ ನಡೆಯುತ್ತದೆ. ಅಂಗಡಿಯವರು ಮಾತ್ರ ಇನ್ನೂ ಹೆಚ್ಚಾಗಿ ಸುತ್ತು ಬೆಳಕಿನದನ್ನೇ ಮಾರುತ್ತಾರೆ.

ಮನೆಯಲ್ಲಿ ಹಳೆಯ ಫಿಲ್ಟರೊಂದಿದ್ದು ಅದು ಯಾವ ಜಾತಿಯದೆಂದು ತಿಳಿಯದಿದ್ದರೆ, ನಿಲುವುಗನ್ನಡಿಯ ಮುಂದೆ ನಿಂತು, ಕಣ್ಣಿನೆದುರು ಹಿಡಿದು, ಅದರ ಮೂಲಕ ಕನ್ನಡಿಯೊಳಗಿನ ಅದೇ ಫಿಲ್ಟರನ್ನು ನೋಡಬೇಕು. ಲೆನ್ಸಿಗೆ ಕೂರುವ ತಿರುಪಿನ ಕಡೆ ಕನ್ನಡಿಗೆ ಮುಖಮಾಡಿದ್ದಾಗ ಬಿಂಬದ ಗಾಜು ಕಪ್ಪಾಗಿ, ತಿರುವಿ ಹಿಡಿದಾಗ ತಿಳಿಯಾಗಿ ಕಂಡರೆ ಅದು ಕಾಲು ಅಲೆಯ ಫಲಕವುಳ್ಳದ್ದು. ಎರಡು ಕಡೆಯೂ ಒಂದೇ ಸಮನಾಗಿ ಕಂಡರೆ ಸಾದಾ ಫಿಲ್ಟರು. ಅರೆಗನ್ನಡಿಯ ಕ್ಯಾಮರಾಕ್ಕೆ ಅದನ್ನು ಹಾಕುವುದಾದರೆ ಮೊದಲು ಫಿಲ್ಟರಿಲ್ಲದೆ ಅಳೆದು, ಗುಣಕವನ್ನು ಕೈಯಾರೆ ಸೇರಿಸಿಕೊಳ್ಳಬೇಕು.